ಚಪ್ಪಡಿಯೊಳಗಿನ ಮೂರು ಕಂಬಿ

ಆ ಚಪ್ಪಡಿಯೊಳಗೆ ಕಬ್ಬಿಣದ ಕಂಬಿ ಇಟ್ಟವನು ನಾನು. ನೀವಲ್ಲ, ನಂಜುಂಡಾಚಾರ್ರೆ. ನೀವು ಹೇಳಿ ಇಡಿಸಿದ್ದೂ ಅಲ್ಲ. ಗುಬ್ಬಿಯ ಗಾರೆ ಮೇಸ್ತ್ರಿ ರಂಗಪ್ಪನೆಂಬ ನಾನು, ನೀವು ಅತ್ತ ಹೋದ ಹೊತ್ತು ನೋಡಿ, ನನ್ನ ಕೈಯಾರೆ ಇಟ್ಟೆ — ಒಂದಲ್ಲ, ಎರಡಲ್ಲ, ಮೂರು. ಹತ್ತು ವರ್ಷ ಈ ಮಾತನ್ನು ನುಂಗಿಕೊಂಡು ತಲೆ ಎತ್ತಿ ಓಡಾಡಿದ್ದೇನೆ. ಇವತ್ತು ಪತ್ರಿಕೆಗೆ ಬರೆದು ಹಾಕುತ್ತಿದ್ದೇನೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ಕ್ಷಮೆ ಕೇಳಲು ಹೊರಟಿದ್ದೇನೆ ಎಂದು ತಿಳಿಯಬೇಡಿ. ಕೇಳುವ ಮುಖ ನನಗಿಲ್ಲ. ಕೊಡುವ ಮನಸ್ಸು ನಿಮಗಿದ್ದೀತು — ಇದ್ದೇ ಇರುತ್ತದೆ, ನಿಮ್ಮನ್ನು ನಾನು ಬಲ್ಲೆ — ಆದರೆ ನನಗದು ಬೇಡ. ನಿಮ್ಮ ಒಳ್ಳೆಯತನ ನನಗೆ ಒಂದು ಸಲ ಸಿಕ್ಕಿ ಸಾಕುಸಾಕಾಗಿದೆ. ನನ್ನ ದೊಡ್ಡ ಮಗ ಪಕ್ಕದಲ್ಲೇ ಕೂತು ಗೊಣಗುತ್ತಿದ್ದಾನೆ. "ಯಾಕಪ್ಪಾ ಈಗ ಅದ್ನೆಲ್ಲ ಕೆದಕ್ತೀಯಾ? ಮುಗಿದೋಗಿದ್ದು ಮುಗಿದೋಯ್ತು ಬುಡು." ಅವನಿಗೆ ಮುಗಿದಿರಬಹುದು. ಅವನು ಓದಿದ್ದು, ಮದುವೆಯಾಗಿದ್ದು ಎಲ್ಲ ಆ ಚಪ್ಪಡಿಯಿಂದ ನನಗೆ ಸಿಕ್ಕ ಕೆಲಸದ ದುಡ್ಡಿನಲ್ಲಿಯೇ. ಕುಣಿಗಲ್ಲಿನಲ್ಲಿ ಕೂತಿರುವ ನಿಮಗೆ ಏನು ಮುಗಿದಿದೆ?

ನಿಮ್ಮನ್ನು ಅರಿಯದವರೂ ಇದನ್ನು ಓದಬಹುದು. ಅವರಿಗಾಗಿ ಮೊದಲಿನಿಂದ ಹೇಳುತ್ತೇನೆ. ನಡುವೆ ನಾನು ಎಲ್ಲಾದರೂ ನನ್ನ ಬೆನ್ನು ನಾನೇ ತಟ್ಟಿಕೊಂಡರೆ ನೀವು ನಗಬೇಡಿ — ಅದು ಹುಟ್ಟುಗುಣ.

ತುಮಕೂರಿನಲ್ಲಿ ಕುಣಿಗಲ್ ರಸ್ತೆಗೆ ಒಂದು ಸಣ್ಣ ಎರಕದ ಕಾರ್ಖಾನೆ ಇತ್ತು. ಬಾವಿಯ ರಾಟೆ, ಕಬ್ಬಿನ ಗಾಣದ ಹಲ್ಲುಚಕ್ರ, ಇಂಥವನ್ನು ಎರಕ ಹೊಯ್ಯುತ್ತಿದ್ದರು. ಅಲ್ಲಿಯ ಭಟ್ಟಿ ನಿಮ್ಮ ಕೈಯಲ್ಲಿತ್ತು. ನಯಾಪೈಸೆ ಬಂದ ಹೊಸತು. ಮುದುಕರು ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ಆ ಕಾರ್ಖಾನೆಯ ಕಾಂಪೌಂಡು ಕಟ್ಟುವ ಕೆಲಸ ನನಗೆ ಸಿಕ್ಕಿತ್ತು. ಪಾಯಕ್ಕೆಂದು ಸಿ.ಎಸ್. ಪುರದ ಕಡೆಯ ಹೊಲಗಳಿಂದ ಕರಿಕಲ್ಲು ತರಿಸಿ ರಾಶಿ ಹಾಕಿಸಿದ್ದೆ. ಹೊಲದವರು ಆ ಕಲ್ಲಿಗೆ ಶಾಪ ಹಾಕುತ್ತಿದ್ದರು. ನೇಗಿಲಿಗೆ ಸಿಕ್ಕರೆ ಗುಳ ಮುರಿಯುತ್ತಿತ್ತು. ತೆಗೆದುಕೊಂಡು ಹೋದರೆ ಪುಣ್ಯ ಬರುತ್ತದೆ ಎಂದು ತಾವೇ ಗಾಡಿಗೆ ತುಂಬಿಕೊಟ್ಟಿದ್ದರು.

ಭಟ್ಟಿಯಲ್ಲಿ ಕಬ್ಬಿಣ ಕರಗುವಾಗ ಕಿಟ್ಟ ಬೇರೆಯಾಗಲಿ ಎಂದು ಸುಣ್ಣದ ಕಲ್ಲು ಹಾಕುತ್ತಾರೆ. ಒಂದು ದಿನ ಸುಣ್ಣದ ಕಲ್ಲು ಸಾಲದೆ ಬಂತು. ಕೆಲಸದಾಳು ಹಿಂದೆಮುಂದೆ ನೋಡದೆ, ಕಲ್ಲೆಲ್ಲ ಕಲ್ಲೇ ಅಂದುಕೊಂಡು, ನನ್ನ ರಾಶಿಯ ಕರಿಕಲ್ಲನ್ನು ಒಡೆದು ಸುರಿದುಬಿಟ್ಟ. ಕಿಟ್ಟ ಹೊರಗೆ ಹರಿಯುವಾಗ ಗಾಳಿಯಂತ್ರದ ಗಾಳಿ ಅದಕ್ಕೆ ಬಡಿಯಿತು ನೋಡಿ — ಕೆಂಪಗೆ ಸುರಿಯುತ್ತಿದ್ದದ್ದು ಕೂದಲು ಕೂದಲಾಗಿ ಹಾರಿತು! ಜೇನುಬಣ್ಣದ ಎಳೆಗಳು. ಸೂರಿಗೆ, ಬನಿಯನ್ನಿಗೆ, ಮೀಸೆಗೆ ಎಲ್ಲಕ್ಕೂ ಅಂಟಿಕೊಂಡವು. ಎಲ್ಲರೂ ಮೈ ಕೆರೆದುಕೊಳ್ಳುತ್ತ ಆ ಆಳಿಗೆ ಬೈದರು. ನಾನೂ ಬೈದೆ, ನನ್ನ ಕಲ್ಲು ಹೋಯಿತಲ್ಲ ಎಂದು. ನೀವೊಬ್ಬರೇ ಹೆಗಲ ಮೇಲಿನ ಟವೆಲ್ ಹಾಸಿ ಆ ಎಳೆಗಳನ್ನು ಒಂದೊಂದಾಗಿ ಆರಿಸಿ ಕಟ್ಟಿಕೊಂಡಿರಿ.

ಕಾಲೇಜಿನ ಮೇಷ್ಟ್ರೊಬ್ಬರಿಗೆ ಅದನ್ನು ತೋರಿಸಿಕೊಂಡು ಬಂದಿರಿ. ಈ ಕರಿಕಲ್ಲು ಬಸಾಲ್ಟಿನ ಬಳಗದ್ದಂತೆ, ನೆಲದೊಳಗಿನ ಬೆಂಕಿಯಲ್ಲಿ ಹುಟ್ಟಿದ್ದಂತೆ, ಹೊರದೇಶದಲ್ಲೆಲ್ಲೋ ಇಂಥ ಕಲ್ಲನ್ನು ಕರಗಿಸಿ ನೂಲು ತೆಗೆಯಲು ನೋಡುತ್ತಿದ್ದಾರಂತೆ. ಮೇಷ್ಟ್ರು ಅಷ್ಟು ಹೇಳಿ ಮರೆತರು. ನೀವು ಮರೆಯಲಿಲ್ಲ. ಆವತ್ತಿನಿಂದ ಭಟ್ಟಿ ಆರಿಸುವ ಮೊದಲು ಒಂದು ಪುಟ್ಟಿ ಕರಿಕಲ್ಲು ಹಾಕಿ ನೂಲು ತೆಗೆಯುವುದೇ ನಿಮ್ಮ ಹುಚ್ಚಾಯಿತು. ಗೋಣಿಚೀಲದಲ್ಲಿ ತುಂಬಿಟ್ಟಿರಿ, ಬೆಂಕಿಗೆ ಹಿಡಿದು ನೋಡಿದಿರಿ, ತಿಂಗಳುಗಟ್ಟಲೆ ನೀರಿನಲ್ಲಿ ನೆನೆಹಾಕಿ ನೋಡಿದಿರಿ. ಒಂದು ದಿನ ನನ್ನ ಹತ್ತಿರ ಬಂದು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ.

"ಮಣ್ಣಿನ ಗೋಡೆಗೆ ಹುಲ್ಲು ಕಲಸಿ ತುಳೀತೀಯಲ್ಲ ರಂಗಪ್ಪ, ಯಾಕೆ? ಬಿರುಕು ಬಿಡಬಾರ್ದು ಅಂತ ತಾನೆ? ಇದು ಸಿಮೆಂಟಿಗೆ ಹುಲ್ಲು ಕಣಪ್ಪ. ಕೊಳೆಯಲ್ಲ, ಉರಿಯಲ್ಲ, ತುಕ್ಕು ಹಿಡಿಯಲ್ಲ. ನಮ್ಮ ಹೊಲದ ಕಲ್ಲು — ಯಾವನ ಪರ್ಮಿಟ್ಟೂ ಬೇಡ."

ಆಗ ಕಂಬಿಗೆ ಪರ್ಮಿಟ್ಟು, ಸಿಮೆಂಟಿಗೆ ಪರ್ಮಿಟ್ಟು. ಕಿಟಕಿ ಮೇಲೆ ಒಂದು ಸಜ್ಜ ಹಾಕಬೇಕಾದರೆ ಕಚೇರಿಗೆ ಅಲೆದು ಚಪ್ಪಲಿ ಸವೆಸಬೇಕು. ಊರಿನ ಚರಂಡಿಗಳಿಗೆಲ್ಲ ಚಪ್ಪಡಿ ಮುಚ್ಚಿಸುವ ಯೋಚನೆ ನಡೆದಿತ್ತು. ಕಂಬಿ ಸಿಗದೆ ನಿಂತಿತ್ತು. ನೀವು ಹೋಗಿ ಪುರಸಭೆಯ ಇಂಜಿನಿಯರ್ ಸಾಹೇಬರನ್ನು ಕಂಡಿರಿ — ಕಂಬಿ ಇಲ್ಲದ ಚಪ್ಪಡಿ ಮಾಡಿ ತೋರಿಸುತ್ತೇನೆ, ಭಾರ ಹೇರಿ ನೋಡಿ ಎಂದಿರಿ. ಅವರು ಒಪ್ಪಿದರು, ತಮಾಷೆ ನೋಡುವ ಆಸೆಯಿಂದಲೋ ಏನೋ. ಕಾರ್ಖಾನೆಯ ಸಾಹುಕಾರರು ನನ್ನೆದುರಿಗೇ ನಿಮಗೆ ಹೇಳಿದರು: "ಇದೊಂದು ಸಲ ಆಚಾರ್ರೆ. ಆಗ್ಲಿಲ್ಲ ಅಂದ್ರೆ ನಮ್ಮ ನಿಮ್ಮ ಋಣ ತೀರ್ತು." ನೀವು ನಕ್ಕಿರಿ. ಆ ನಗುವಿನಲ್ಲಿ ಒಂದು ಚೂರೂ ಅಳುಕಿರಲಿಲ್ಲ. ನನಗೆ ಇತ್ತು.

ಚಪ್ಪಡಿ ಹಾಕುವ ಕೆಲಸ ನನ್ನದು. ಹಲಗೆ ಹೊಡೆದು ಅಚ್ಚು ಮಾಡಿದೆ — ಮೂರು ಮೊಳ ಉದ್ದ, ಎರಡು ಮೊಳ ಅಗಲ. ಗಾರೆ ಒಂದು ಪದರ, ನಿಮ್ಮ ನೂಲು ಒಂದು ಪದರ. ನೂಲನ್ನು ಹೇಗೆ ಬಿಡಿಸಿ ಹರಡಬೇಕು, ಎಲ್ಲಿ ಒತ್ತಾಗಿರಬೇಕು ಎಂದು ನೀವು ಮಂಡಿಯೂರಿ ಕೂತು ತೋರಿಸುತ್ತಿದ್ದಿರಿ. ಎರಡು ಪದರ ಆಗಿತ್ತು. ಅಷ್ಟರಲ್ಲಿ ಭಟ್ಟಿಯ ಕಡೆಯಿಂದ ಕೂಗು ಬಂತು, ಕಬ್ಬಿಣ ಕರಗಿದೆ ಎಂದು. ಕರಗಿದ ಕಬ್ಬಿಣ ಕಾಯುವುದಿಲ್ಲ, ಹೋಗಲೇಬೇಕು. ಎದ್ದು ಕೈ ಒರೆಸಿಕೊಂಡು, "ಮಿಕ್ಕಿದ್ದು ನೀನೇ ಮುಗ್ಸು ರಂಗಪ್ಪ. ನೂಲು ಕಮ್ಮಿ ಮಾಡ್ಬೇಡ" ಎಂದಿರಿ. ಹಿಂತಿರುಗಿಯೂ ನೋಡಲಿಲ್ಲ.

ನನ್ನ ಸಾಮಾನಿನ ಚೀಲದಲ್ಲಿ ಮೂರು ತುಂಡು ಹಳೆಯ ಕಂಬಿ ಇದ್ದವು. ಬೆಳಿಗ್ಗೆ ಮನೆಯಿಂದಲೇ ಅಳತೆಗೆ ಕತ್ತರಿಸಿಕೊಂಡು ಬಂದಿದ್ದೆ. ಕೇಳಿಸಿತಲ್ಲ? ಆ ಗಳಿಗೆಯಲ್ಲಿ ಬುದ್ಧಿ ಕೆಟ್ಟು ಮಾಡಿದ್ದಲ್ಲ. ಯೋಚನೆ ಮಾಡಿಯೇ ತಂದಿದ್ದೆ. ಗೂಡಂಗಡಿಯಿಂದ ಬೀಡಿ ತರುವ ನೆಪದಲ್ಲಿ ಆಳನ್ನು ಆಚೆ ಕಳಿಸಿ, ಮೂರನ್ನೂ ಮಲಗಿಸಿ, ಮೇಲೆ ನಿಮ್ಮ ನೂಲು ಹಾಸಿ, ಗಾರೆ ಎಳೆದು, ಕರಣೆಯಿಂದ ಕನ್ನಡಿಯಂತೆ ನುಣುಪು ಮಾಡಿದೆ.

ಯಾಕೆ ಮಾಡಿದೆ? ನಾನು ಕೆಲಸ ಕಲಿತದ್ದು ನನ್ನ ಸೋದರಮಾವನ ಹತ್ತಿರ, ಕುಣಿಗಲ್ಲಿನಲ್ಲಿ. ಕಂಬಿಯಲ್ಲಿ ಜಿಪುಣತನ ಮಾಡಿ ಹಾಕಿದ ಒಂದು ಸಜ್ಜ ಬಿದ್ದು ಅವನ ಕೈಕೆಳಗಿನ ಆಳಿನ ಕಾಲು ಹೋಗಿತ್ತು. ಅವತ್ತಿನಿಂದ ಮಾವ, ಕಂಬಿ ಇಲ್ಲದೆ ಕಾಂಕ್ರೀಟಿಗೆ ಕೈ ಹಾಕುವುದಿಲ್ಲ ಎಂದು ನನ್ನ ಕೈಲಿ ಕರಣೆ ಮುಟ್ಟಿಸಿ ಆಣೆ ಹಾಕಿಸಿದ್ದ. ಇದನ್ನು ಹೇಳಿ ಜಾರಿಕೊಳ್ಳಬಹುದು. ಹತ್ತು ವರ್ಷ ನನಗೆ ನಾನೇ ಇದನ್ನೇ ಹೇಳಿಕೊಂಡೆ ಕೂಡ. ಆದರೆ ಸತ್ಯ — ಕಂಬಿ ಕತ್ತರಿಸುವಾಗ ನನಗೆ ಯಾರ ಕಾಲೂ ನೆನಪಾಗಲಿಲ್ಲ, ಮಾವನೂ ನೆನಪಾಗಲಿಲ್ಲ. ಇಂಜಿನಿಯರ್ ಸಾಹೇಬರ ಮುಂದೆ ರಂಗಪ್ಪ ಹಾಕಿದ ಚಪ್ಪಡಿ ಮುರಿದರೆ ನಾಳೆ ರಂಗಪ್ಪನನ್ನು ಯಾರು ಕೆಲಸಕ್ಕೆ ಕರೆಯುತ್ತಾರೆ — ಇಷ್ಟೇ. ನನ್ನ ಹೆಸರು ಉಳಿಯಲಿ ಎಂದು ಇಟ್ಟೆ. ಜೊತೆಗೆ ನಿಮ್ಮ ಮಾನವನ್ನೂ ಕಾಪಾಡುತ್ತಿದ್ದೇನೆ ಎಂದು ಬೀಗಿದೆ. ಎಂಥ ಉಪಕಾರಿ ನಾನು!

ಮೂರು ವಾರ ಗೋಣಿ ಹೊದಿಸಿ ನೀರು ಹಾಕಬೇಕಿತ್ತು. ಅದು ಆಳಿನ ಕೆಲಸ. ನೀವು ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಸಂಜೆ ನೀವೇ ಕೊಡ ಹೊತ್ತು ನೀರು ಹಾಕಿದಿರಿ. ನಾನು ಅಲ್ಲೇ, ಹತ್ತಾರು ಹೆಜ್ಜೆ ಆಚೆ, ಗೋಡೆ ಕಟ್ಟುತ್ತ ನೋಡುತ್ತಿದ್ದೆ. ಹೇಳಲು ಮೂರು ವಾರ ಸಮಯ ಇತ್ತು. ಒಂದು ದಿನ ಬಾಯಿಯವರೆಗೆ ಬಂದಿತ್ತು — ಅಷ್ಟರಲ್ಲಿ ನೀವೇ ನನಗೆ ಕಾಫಿ ತರಿಸಿಕೊಟ್ಟಿರಿ. ಕಾಫಿಯೊಂದಿಗೆ ಅದನ್ನೂ ಕುಡಿದುಬಿಟ್ಟೆ.

ಪರೀಕ್ಷೆಯ ದಿನ ಸಾಹೇಬರು ಬಂದರು. ಚಪ್ಪಡಿಯನ್ನು ಎರಡು ಕಲ್ಲುಕಂಬಗಳ ಮೇಲೆ ಮಲಗಿಸಿ ಮರಳುಮೂಟೆ ಹೇರಿದರು. ಅಲುಗಲಿಲ್ಲ. ಇನ್ನೂ ಹೇರಿದರು. ಅಲುಗಲಿಲ್ಲ. ಕೊನೆಗೆ ನೀವು ಚಪ್ಪಲಿ ಕಳಚಿಟ್ಟು, ಚಪ್ಪಡಿಗೆ ಕೈಮುಟ್ಟಿ ಕಣ್ಣಿಗೊತ್ತಿಕೊಂಡು, ಮೂಟೆಗಳ ಮೇಲೆ ಹತ್ತಿ ನಿಂತಿರಿ. ಕಾರ್ಖಾನೆಯವರೆಲ್ಲ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ — ಆ ಕ್ಷಣ ನನಗೆ ಸಂತೋಷವೇ ಆಗಿತ್ತು. ಎಲ್ಲರಿಗೂ ಒಳ್ಳೆಯದಾಯಿತು ಅನ್ನಿಸಿತ್ತು.

ಆಗ ಸಾಹೇಬರು, ಒಳಗೆ ನೂಲು ಹೇಗೆ ಕೂತಿದೆ ನೋಡೋಣ, ಒಡೆಯಿರಿ ಎಂದರು.

ಇದು ನನಗೆ ಹೊಳೆದೇ ಇರಲಿಲ್ಲ. ಮೇಸ್ತ್ರಿ ಯೋಚಿಸುವುದು ಕಟ್ಟಿದ್ದು ನಿಲ್ಲುವುದನ್ನು ಮಾತ್ರ. ನಿಂತದ್ದನ್ನು ಒಡೆದು ನೋಡುತ್ತಾರೆ ಎಂದು ಯಾವ ಮೇಸ್ತ್ರಿಗೂ ಹೊಳೆಯುವುದಿಲ್ಲ. ಸುತ್ತಿಗೆಯ ಏಟಿಗೆ ಮೂಲೆ ಕಿತ್ತು ಬಂತು, ಮತ್ತೊಂದು ಏಟಿಗೆ ಕಂಬಿಯ ತುದಿ ಕಂಡಿತು. ನಾನು ಇಡುವಾಗಲೇ ಅದಕ್ಕೆ ತುಕ್ಕು ಹಿಡಿದಿತ್ತು.

"ಏನ್ರೀ ಆಚಾರ್ರೆ," ಎಂದರು ಸಾಹೇಬರು, "ನಿಮ್ಮ ಕಲ್ಲಿನ ನೂಲಿಗೆ ತುಕ್ಕು ಹಿಡಿದಿದೆಯಲ್ರೀ!"

ಎಲ್ಲರೂ ನಕ್ಕರು. ಸ್ವಲ್ಪ ಮುಂಚೆ ಚಪ್ಪಾಳೆ ಹೊಡೆದಿದ್ದ ಕೈಗಳೇ ಬಾಯಿಗೆ ಅಡ್ಡ ಹೋದವು. ಸಾಹೇಬರು ನನ್ನ ಕಡೆ ತಿರುಗಿ, ಚಪ್ಪಡಿ ಹಾಕಿದವನು ನೀನು ತಾನೆ, ಇದೇನು ಎಂದು ಕೇಳಿದರು. ನಾನು ಏನು ಹೇಳಿದೆ ಎಂದು ನಿಮಗೆ ಗೊತ್ತಿದೆ. ಓದುವವರಿಗೂ ಗೊತ್ತಾಗಲಿ.

"ಆಚಾರ್ರು ಹೇಳ್ದಂಗೆ ಮಾಡ್ದೆ ಸ್ವಾಮಿ. ನಂಗೇನೂ ಗೊತ್ತಿಲ್ಲ."

ನೀವು ನನ್ನನ್ನು ನೋಡಿದಿರಿ. ಬೈಯುತ್ತೀರಿ, ಕಪಾಳಕ್ಕೆ ಬಾರಿಸುತ್ತೀರಿ ಎಂದು ಮೈ ಬಿಗಿಹಿಡಿದು ನಿಂತಿದ್ದೆ. ನೀವು ಸಾಹೇಬರ ಕಡೆ ತಿರುಗಿ ತಣ್ಣಗೆ ಹೇಳಿದಿರಿ: "ಹೌದು ಸ್ವಾಮಿ, ನಾನೇ ಹೇಳಿದ್ದು. ಮೇಸ್ತ್ರೀದೇನೂ ಇಲ್ಲ, ಬುಡಿ."

ಯಾರು ಕೇಳಿದ್ದರು ನಿಮ್ಮನ್ನು? ಹೇಳಿ ಆಚಾರ್ರೆ, ಯಾರು ಕೇಳಿದ್ದರು? ನನ್ನ ಮನೆಯಲ್ಲಿ ಸಣ್ಣ ಮಕ್ಕಳಿದ್ದದ್ದು ನಿಮಗೆ ಗೊತ್ತಿತ್ತು, ಅದಕ್ಕೆ ಹಾಗಂದಿರಿ — ಇಷ್ಟು ಊಹಿಸಬಲ್ಲೆ. ಆದರೆ ಆ ಒಂದು ಮಾತಿನಿಂದ ನೀವು ನನ್ನನ್ನು ಹತ್ತು ವರ್ಷ ಕಟ್ಟಿಹಾಕಿದಿರಿ. ನೀವು ಅಲ್ಲ ಅಂದಿದ್ದರೆ ಜಗಳವಾಗುತ್ತಿತ್ತು, ನಾನು ಒಂದಲ್ಲ ಒಂದು ಏಟಿಗೆ ಬಾಯಿ ಬಿಡುತ್ತಿದ್ದೆ. ಸುಳ್ಳು ಹೇಳಿದವನ ಪರವಾಗಿ ಸುಳ್ಳು ಹೇಳಿದಿರಿ. ನಿಮ್ಮ ಮೇಲೆ ಎಷ್ಟೋ ವರ್ಷ ನನಗೆ ಸಿಟ್ಟಿತ್ತು. ಇವತ್ತಿಗೂ ಇದೆ. ತಪ್ಪು ನನ್ನದು, ಸಿಟ್ಟೂ ನನ್ನದೇ — ನ್ಯಾಯವಲ್ಲ, ಗೊತ್ತು. ಇದ್ದದ್ದನ್ನು ಬರೆದಿದ್ದೇನೆ.

ಅವತ್ತೇ ನಿಮ್ಮನ್ನು ಕೆಲಸದಿಂದ ತೆಗೆದರು. ಕೂಡಿಟ್ಟಿದ್ದ ನೂಲಿನ ಚೀಲಗಳನ್ನು ಹಿಂದಿನ ಹಳ್ಳಕ್ಕೆ ಸುರಿದು ಮೇಲೆ ಮಣ್ಣೆಳೆದರು. ನೀವು ಬಟ್ಟೆಗಂಟು ಕಟ್ಟಿಕೊಂಡು ಹೊರಟಾಗ ನಾನು ಗೇಟಿನ ಹತ್ತಿರ ಗೋಡೆಗೆ ಗಿಲಾವು ಮಾಡುತ್ತಿದ್ದೆ. ಒಂದು ನಿಮಿಷ ನಿಂತು ಕೇಳಿದಿರಿ — ಗದರಿಸಿ ಅಲ್ಲ, ತಿಳಿಯದವರು ತಿಳಿದವರನ್ನು ಕೇಳುವ ಹಾಗೆ — "ಅದು ತಡೀತಿರ್ಲಿಲ್ಲ ಅನ್ಸಿತ್ತೇನೋ ನಿಂಗೆ?"

ನಾನು ಗೋಡೆ ಕಡೆ ಮುಖ ಮಾಡಿ ಕರಣೆ ಎಳೆಯುತ್ತಲೇ ಇದ್ದೆ. ಕೆಲಸ ಹೋದದ್ದಲ್ಲ, ಜನ ನಕ್ಕದ್ದಲ್ಲ, ನಿಮ್ಮನ್ನು ಕೊಂದದ್ದು ಆ ಪ್ರಶ್ನೆ ಎಂದು ನನಗೆ ಆಮೇಲೆ ಅರ್ಥವಾಯಿತು. ನಾಲ್ಕು ಕಟ್ಟಡ ಕಟ್ಟಿದ ಮೇಸ್ತ್ರಿಯೇ ನಂಬಲಿಲ್ಲ ಎಂದ ಮೇಲೆ ನಿಮ್ಮ ನೂಲನ್ನು ನೀವೇ ನಂಬುವುದು ಹೇಗೆ? ಕಂಬಿ ಇಲ್ಲದಿದ್ದರೆ ಏನಾಗುತ್ತಿತ್ತು ಎನ್ನುವುದು ನಿಮಗೆ ಯಾವತ್ತೂ ತಿಳಿಯದ ಹಾಗೆ ಮಾಡಿದೆ.

ಈಗ ಎರಡನೆಯದನ್ನು ಹೇಳುತ್ತೇನೆ. ಇದು ಮೊದಲಿನದಕ್ಕಿಂತ ಹೊಲಸು. ನಿಮಗೂ ಗೊತ್ತಿಲ್ಲ, ಮನೆಯಲ್ಲಿ ನನ್ನ ಹೆಂಡತಿಗೂ ಗೊತ್ತಿಲ್ಲ.

ಕೆಲಸ ಮುಗಿದ ಮೇಲೆ ಮಿಕ್ಕ ಗಾರೆ ಮೇಸ್ತ್ರಿಗೆ ಸೇರಿದ್ದು — ನಮ್ಮವರಲ್ಲಿ ವಾಡಿಕೆ. ಪರ್ಮಿಟ್ಟಿನ ಕಾಲದಲ್ಲಿ ಕಲಸಿದ ಸಿಮೆಂಟು ಚೆಲ್ಲಲು ಯಾರಿಗೂ ಕೈ ಬರುತ್ತಿರಲಿಲ್ಲ. ಅವತ್ತು ಗಾರೆ ಮಿಕ್ಕಿತ್ತು, ನೂಲೂ ಮಿಕ್ಕಿತ್ತು. ನೀವು ಭಟ್ಟಿಯಿಂದ ಬರುವುದರೊಳಗೆ ಗೋಡೆಯ ಆಚೆ ಬದಿಯಲ್ಲಿ ಹಲಗೆ ಜೋಡಿಸಿ ಅದೇ ಉದ್ದದ ಇನ್ನೊಂದು ಚಪ್ಪಡಿ ಹಾಕಿದೆ; ಅಗಲ ಮಾತ್ರ ಸ್ವಲ್ಪ ಕಡಿಮೆ. ಅದೇ ಗಾರೆ, ಅದೇ ನೂಲು. ಕಂಬಿ ಇಲ್ಲ. ನನ್ನ ಹತ್ತಿರ ಇದ್ದದ್ದು ಮೂರೇ ತುಂಡು, ಮೂರೂ ಆಗಲೇ ನಿಮ್ಮದರೊಳಗೆ ಹೋಗಿದ್ದವು. ಮುರಿದರೆ ಮುರಿಯಲಿ, ಬಚ್ಚಲ ಮುಂದೆ ಹಾಕಿಕೊಂಡರಾಯಿತು ಎಂದು, ಗಟ್ಟಿಯಾದ ಮೇಲೆ ಗಾಡಿಯಲ್ಲಿ ಗುಬ್ಬಿಗೆ ಸಾಗಿಸಿದೆ. ಕೊನೆಗೆ ಮನೆಯ ಮುಂದಿನ ಚರಂಡಿಯ ಮೇಲೆ ಹಾಕಿದೆ.

ನೀವು ಹೋಗಿ ವರ್ಷ ತುಂಬುವುದರೊಳಗೆ ಒಂದು ಮಧ್ಯಾಹ್ನ ಎದುರಿನಿಂದ ಬಂದ ಬಸ್ಸಿಗೆ ಜಾಗ ಬಿಡಲು ತೆಂಗಿನಕಾಯಿ ತುಂಬಿದ ಗಾಡಿಯೊಂದು ಪಕ್ಕಕ್ಕೆ ಸರಿದು, ಅದರ ಚಕ್ರ ಸರಿಯಾಗಿ ಆ ಚಪ್ಪಡಿಯ ನಡುವೆ ಬಂದು ನಿಂತಿತು. ನಾನು ಊಟ ಬಿಟ್ಟು ಎಂಜಲು ಕೈಯಲ್ಲೇ ಓಡಿಬಂದೆ. ಎತ್ತು ಜಗ್ಗಿತು, ಗಾಡಿ ಓಲಾಡಿತು, ಚಕ್ರ ಅಲ್ಲೇ ಕುಣಿಯಿತು. ಗಾಡಿ ಹೋದ ಮೇಲೆ ಕೂತು, ಅಂಗೈಯಿಂದ ಸವರಿ ನೋಡಿದೆ. ಒಂದು ಕೂದಲೆಳೆಯಷ್ಟು ಬಿರುಕು ಇರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಅವತ್ತು ನನ್ನ ಕೈಯಲ್ಲಿತ್ತು. ಕುಣಿಗಲ್ಲಿಗೆ ಬಸ್ಸಿತ್ತು. ನಾನು ಒಳಗೆ ಹೋಗಿ ಊಟ ಮುಂದುವರಿಸಿದೆ.

ಯಾಕೆಂದರೆ ಅಷ್ಟರಲ್ಲಿ ಕಂಬಿಗೆ ಪರ್ಮಿಟ್ಟು ಬಂದು, ತುಮಕೂರಿನ ಚರಂಡಿ ಚಪ್ಪಡಿಗಳ ಕೆಲಸ ನನಗೇ ಸಿಕ್ಕಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವ ಮೇಸ್ತ್ರಿ ಎಂದು ಸಾಹೇಬರೇ ಹೇಳಿ ಕೊಡಿಸಿದ್ದರು. ರಂಗಪ್ಪ ಕಂಟ್ರಾಕ್ಟರ್ ರಂಗಪ್ಪನಾದ. ನೀವು ಕುಣಿಗಲ್ಲಿನಲ್ಲಿ ಗಾಡಿಚಕ್ರಕ್ಕೆ ಹಳಿ ಕಟ್ಟುತ್ತ, ಕುದುರೆಗೆ ಲಾಳ ಹೊಡೆಯುತ್ತ, ಬೀದಿಯ ಬಾಯಲ್ಲಿ 'ಕಂಬಿ ಆಚಾರಿ' ಆದಿರಿ. ಎರಡು ವರ್ಷದ ಹಿಂದೆ ಕುಣಿಗಲ್ ಬಸ್ ನಿಲ್ದಾಣದಲ್ಲಿ ನನ್ನನ್ನು ಕಿಟಕಿಯಲ್ಲಿ ಕಂಡು, "ಚೆನ್ನಾಗಿದೀಯೇನಪ್ಪ ರಂಗಪ್ಪ?" ಎಂದು ಕೂಗಿದಿರಿ. ನಾನು ನಿದ್ದೆ ಬಂದವನಂತೆ ತಲೆ ವಾಲಿಸಿದೆ.

ಈಗ ಕೇಳಿ. ನಾನು ಹಾಕಿದ ಆ ಚಪ್ಪಡಿಗಳು ಸಾಯುತ್ತಿವೆ. ಚರಂಡಿಯ ನೀರಿಗೆ, ಹಬೆಗೆ ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಅಡಿಯಿಂದ ಸಿಮೆಂಟು ಹೊಪ್ಪಳೆ ಹೊಪ್ಪಳೆಯಾಗಿ ಉದುರುತ್ತಿದೆ. ಹೋದ ತಿಂಗಳು ಕಚೇರಿಗೆ ಕರೆದು, ಅವನ್ನೆಲ್ಲ ತೆಗೆದು ಹೊಸದು ಹಾಕಿಕೊಡಿ, ಕಂಬಿ ಇನ್ನೂ ದಪ್ಪ ಇರಲಿ ಎಂದರು. ಹಾಕುವುದಿಲ್ಲ ಎಂದೆ. ಈಗಿನ ಇಂಜಿನಿಯರು, "ಕಂಬಿ ಬೇಡ ಅಂದ್ರೆ ಮತ್ತಿನ್ನೇನ್ ಹಾಕ್ತೀರಿ ಮೇಸ್ತ್ರಿ?" ಎಂದು ನಕ್ಕರು. ಉತ್ತರ ಗೊತ್ತಿದ್ದೂ ಬಾಯಿ ಕಟ್ಟಿಕೊಂಡು ಎದ್ದು ಬಂದೆ. ಆ ಉತ್ತರಕ್ಕೆ ನಿಮ್ಮ ಹೆಸರು ಅಂಟಿಕೊಂಡಿದೆ. ಅದನ್ನು ಮೊದಲು ತೊಳೆಯದೆ ನಾನು ಹೇಳಿದರೆ ಇನ್ನೊಂದು ಕಳ್ಳತನವಾಗುತ್ತದೆ.

ಒಂದು ಚಪ್ಪಡಿ ನಿಂತ ಮಾತ್ರಕ್ಕೆ ಊರೆಲ್ಲ ನಿಲ್ಲುತ್ತದೆ ಎನ್ನುವ ದಡ್ಡ ನಾನಲ್ಲ. ಇನ್ನೂ ಹತ್ತು ಹಾಕಿ, ಇನ್ನೂ ಹತ್ತು ವರ್ಷ ನೋಡಬೇಕಾಗಿತ್ತು. ನೋಡಬೇಕಾದವರು ನೀವು. ಆ ಹತ್ತು ವರ್ಷವನ್ನು ನಾನು ತಿಂದೆ. ಅದನ್ನು ವಾಪಸು ಕೊಡಲು ನನ್ನಿಂದ ಆಗುವುದಿಲ್ಲ, ಆಗುತ್ತದೆ ಎಂದು ನಟಿಸುವುದೂ ಇಲ್ಲ.

ಮಗ ಹೇಳುತ್ತಾನೆ, ಇದು ಅಚ್ಚಾದರೆ ನಾಳೆಯಿಂದ ಯಾರೂ ನಮಗೆ ಕೆಲಸ ಕೊಡುವುದಿಲ್ಲವಂತೆ. ಕೊಡದಿರಲಿ. ಕಂಟ್ರಾಕ್ಟರ್ ರಂಗಪ್ಪ ಹೋದರೆ ಮೇಸ್ತ್ರಿ ರಂಗಪ್ಪ ಉಳಿಯುತ್ತಾನೆ. ಕರಣೆ ಹಿಡಿಯಲು ಕೈಗೆ ಇನ್ನೂ ಕಸುವಿದೆ. ಸಾಹೇಬರಿಗೆ ವರ್ಗವಾಗಿ ಎಷ್ಟೋ ವರ್ಷವಾಯಿತು, ಅವರು ನಗಲು ಸಿಗುವುದಿಲ್ಲ. ಆದರೆ ಅವತ್ತು ನಕ್ಕವರಲ್ಲಿ ಅರ್ಧ ಜನ ಇನ್ನೂ ಆ ಕಾರ್ಖಾನೆಯಲ್ಲೇ ಇದ್ದಾರೆ. ಅವರಿಗೆಲ್ಲ ಹೇಳಿ ಕಳಿಸಿದ್ದೇನೆ.

ಬರುವ ಭಾನುವಾರ ಮನೆ ಮುಂದಿನ ಚಪ್ಪಡಿ ಎಬ್ಬಿಸಿ ತುಮಕೂರಿಗೆ ತರುತ್ತೇನೆ. ಕುಣಿಗಲ್ಲಿಗೆ ಬೆಳಿಗ್ಗೆಯೇ ಕಾರು ಕಳಿಸುತ್ತೇನೆ, ಬನ್ನಿ. ಬರುವುದಿಲ್ಲ ಎಂದರೆ ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ. ಸುತ್ತಿಗೆ ನಿಮ್ಮ ಕೈಗೆ ಕೊಡುತ್ತೇನೆ, ಎಲ್ಲರೆದುರಿಗೆ ನೀವೇ ಒಡೆಯಿರಿ. ತುಂಡು ತುಂಡು ಮಾಡಿ ಹುಡುಕಿ. ಒಳಗೆ ನಿಮ್ಮ ನೂಲು ಬಿಟ್ಟರೆ ಏನೂ ಸಿಗುವುದಿಲ್ಲ.

ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ — ಹಾಗಾದರೆ ಆವತ್ತು ಕಂಬಿ ಇಟ್ಟವರು ಯಾರು ಎಂದು. ಕೈ ಮುಗಿದು ಹೇಳುತ್ತೇನೆ ಆಚಾರ್ರೆ, ಈ ಸಲ ನೀವು ಬಾಯಿ ತೆರೆಯಬೇಡಿ. ಆ ಮಾತು ನನ್ನದು.